ಎರಡು ಸಲ ಎರಡು ಗಂಟೆ

ಏಪ್ರಿಲ್ 18, 2004
ಭಾನುವಾರ, ಬೆಳಿಗ್ಗೆ

ಪ್ರೀತಿಯ ಒಲಿಂಪಿಯಾ,

ಕ್ರಿಸ್ತ ಎದ್ದಿದ್ದಾನೆ. ಈಸ್ಟರ್ ಕಳೆದು ವಾರವಾಯಿತು, ಆದರೂ ಊರಲ್ಲಿ ಎದುರಾದವರೆಲ್ಲ ಇನ್ನೂ ಹೀಗೆಯೇ ಮಾತು ಶುರು ಮಾಡುತ್ತಾರೆ. ‘ನಿಜವಾಗಿ ಎದ್ದಿದ್ದಾನೆ’ ಎಂದು ಉತ್ತರ ಹೇಳಿ ಹೇಳಿ ನನ್ನ ಬಾಯಿಗೂ ಅದೇ ಅಂಟಿಕೊಂಡಿದೆ. ನಿನ್ನ ಸೊಂಟದ ನೋವು ಹೇಗಿದೆ? ನೀನು ನೋಡಿಕೊಳ್ಳುವ ವೃದ್ಧ ಸಿನ್ಯೋರಾ ರಾತ್ರಿ ನಿದ್ದೆ ಮಾಡುತ್ತಾರೆಯೇ, ಅಥವಾ ಇನ್ನೂ ಮೂರು ಮೂರು ಸಲ ನಿನ್ನನ್ನು ಎಬ್ಬಿಸಿ, ಸತ್ತುಹೋದ ಗಂಡ ಊಟಕ್ಕೆ ಬಂದರೇ ಎಂದು ಕೇಳುತ್ತಾರೆಯೇ?

ಪತ್ರ ತಡವಾಯಿತು. ಮೂರು ವಾರ. ಇಟಲಿಯ ತೊರೀನೊಗೆ ವ್ಯಾನ್ ಓಡಿಸುವ ನೆಲು ಕಳೆದ ಎರಡು ಭಾನುವಾರವೂ ನಮ್ಮ ಗೇಟಿನ ಮುಂದೆ ನಿಲ್ಲಿಸಿದ್ದ. ಎರಡು ಸಲವೂ ‘ಮುಂದಿನ ವಾರ’ ಎಂದೆ. ಎರಡನೆಯ ಸಲ ಅವನು ಕಿಟಕಿಯಿಂದ ತಲೆ ಹಾಕಿ, “ಮೇಷ್ಟ್ರೇ, ಸಾಸೇಜು ಕಳಿಸೋರು ಕಾಗದ ಬರೆಯಲ್ಲ, ಕಾಗದ ಬರೆಯೋರು ಸಾಸೇಜು ಕಳಿಸಲ್ಲ. ನೀವೊಬ್ರೇ ಎರಡೂ ಇಲ್ಲದೆ ನನ್ನ ನಿಲ್ಲಿಸ್ಕೊಳ್ಳೋದು” ಎಂದ. ನಗಬೇಕೆನಿಸಿತು, ಆಗಲಿಲ್ಲ. ಇವತ್ತು ಮಧ್ಯಾಹ್ನ ಅವನು ಹೊರಡುವುದರೊಳಗೆ ಇದನ್ನು ಮುಗಿಸಬೇಕು.

ಮೊದಲು ಸಣ್ಣ ಸುದ್ದಿಗಳು. ಪ್ಲಮ್ ಮರಗಳು ಹೂ ಬಿಟ್ಟಿವೆ, ಬಾವಿಯ ಕಡೆಯದೊಂದು ಮಾತ್ರ ಬಿಟ್ಟಿಲ್ಲ, ಬಹುಶಃ ಒಣಗಿದೆ. ಅಡಿಗೆಮನೆಯ ಹೊಗೆಗೂಡು ಕೆಡವಿಸಿ ಹೊಸದು ಕಟ್ಟಿಸಿದೆ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದ, ಏಳನೇ ತರಗತಿಗೆ ಭಿನ್ನರಾಶಿ ಕೊಟ್ಟು ತಾನೇ ತಪ್ಪು ಮಾಡಿದ, ನಾನು ಏನೂ ಅನ್ನಲಿಲ್ಲ. ಈಸ್ಟರ್‌ನ ಹಿಂದಿನ ಗುರುವಾರ ನೀನು ಕಳಿಸಿದ ಪೆಟ್ಟಿಗೆ ಹಬ್ಬಕ್ಕೆ ಮೊದಲೇ ತಲುಪಿತು. ಕಾಫಿ, ಎಣ್ಣೆ, ನನಗೆ ಎರಡು ಶರ್ಟು, ಸಬೀನಾಳ ಮೊಮ್ಮಗಳಿಗೆ ಬೂಟು. ಪ್ರತಿ ವರ್ಷ ಇರುತ್ತಿದ್ದ, ರಾವೆಕಕ್ಕನ ಹೆಸರು ಬರೆದ ಪೊಟ್ಟಣ ಈ ಸಲ ಇರಲಿಲ್ಲ. ತಳದವರೆಗೂ ಹುಡುಕಿದೆ. ನಿನ್ನ ನಾಲ್ಕು ಸಾಲಿನ ಕಾಗದ ಓದಿದ ಮೇಲೂ ಮತ್ತೊಮ್ಮೆ ಹುಡುಕಿದೆ.

ಆ ನಾಲ್ಕು ಸಾಲು ನನಗೆ ಬಾಯಿಪಾಠ. ‘ಅಮ್ಮನ ನಲವತ್ತನೇ ದಿನದ ಪ್ರಾರ್ಥನೆಗೆ ಹಂಚುವ ಗೋಧಿಯನ್ನು ರಾವೆಕಾ ಬೇಯಿಸಕೂಡದು. ಬೇರೆ ಯಾರಾದರೂ ಬೇಯಿಸಲಿ. ಸಮಾಧಿಗೆ ಬರುವುದಾದರೆ ಎಲ್ಲರೂ ಹೋದ ಮೇಲೆ ಬರಲಿ. ನನಗೆ ಅಕ್ಕ ಇಲ್ಲ.’

ಒಲಿಂಪಿಯಾ, ಆ ಭಾನುವಾರ ಸಂಜೆ ನಾನು ಸಿನ್ಯೋರಾಳ ಮನೆಗೆ ಫೋನ್ ಮಾಡಿ ‘ಅಮ್ಮ ಹೋದರು’ ಎಂದಾಗ ನೀನು ಅಳಲಿಲ್ಲ. “ಮೇಣದಬತ್ತಿ?” ಎಂದು ಕೇಳಿದೆ. ಇಲ್ಲ ಎಂದೆ. “ರಾವೆಕಾ ಪಕ್ಕದಲ್ಲೇ ಇದ್ದಾಳೆ ಅಂದ್ರಲ್ಲ?” ಎಂದೆ ನೀನು. ಬಂದಿರಲಿಲ್ಲ ಎಂದೆ. ಆಮೇಲೆ ನಿನ್ನ ಕಡೆ ಯಾರೋ ಇಟಾಲಿಯನ್‌ನಲ್ಲಿ ಏನೋ ಕೇಳಿದರು, ಸಂಪರ್ಕ ಕಡಿದುಹೋಯಿತು. ಅದಾದ ಮೇಲೆ ಎರಡು ಭಾನುವಾರ ಸಬೀನಾಳ ಅಂಗಡಿಯಲ್ಲಿ ಫೋನಿನ ಪಕ್ಕ ಹೋಗಿ ಕೂತೆ. ನೀನು ಮಾಡಲಿಲ್ಲ. ಹಾಗಾಗಿ ಆ ದಿನ ನಡೆದದ್ದನ್ನು ಬರೆದೇ ತಿಳಿಸಬೇಕಾಗಿದೆ. ನನಗಿನ್ನೂ ಅದು ನಡೆದದ್ದೆಂದು ಅನಿಸುತ್ತಿಲ್ಲ. ಗಾಜಿನಾಚೆ ಯಾರದೋ ಮನೆಯಲ್ಲಿ ಆದದ್ದನ್ನು ನಿಂತು ನೋಡಿದ ಹಾಗಿದೆ.

ಶನಿವಾರ ಸಂಜೆಯಿಂದ ಶುರು ಮಾಡುತ್ತೇನೆ. ಮರುದಿನ ಗಡಿಯಾರ ಮುಂದಕ್ಕೆ ತಿರುಗಿಸುವ ದಿನ. ಪ್ರತಿ ವರ್ಷದ ಜಗಳ ನಿನಗೆ ಗೊತ್ತೇ ಇದೆ. ಸಬೀನಾಳ ಅಂಗಡಿಯಲ್ಲಿ ಸೀಮೆಎಣ್ಣೆ ತರಲು ಹೋದರೆ, ಎದುರು ಮನೆಯ ಗವ್ರಿಲ್ ಮಾವ ಕಟ್ಟೆಯ ಮೇಲೆ ಕೂತು ಭಾಷಣ ಮಾಡುತ್ತಿದ್ದರು.

“ನಮ್ಮ ಹುಂಜಕ್ಕೆ ಬುಕಾರೆಸ್ಟಿಂದ ಇನ್ನೂ ಕಾಗದ ಬಂದಿಲ್ಲ. ಅದು ಹಳೇ ಗಂಟೆಗೇ ಕೂಗೋದು.”

“ಹುಂಜದ ಮಾತು ಬಿಡಿ,” ಎಂದಳು ಸಬೀನಾ. “ಹೋದ ವರ್ಷ ನೀವು ಮೇ ತಿಂಗಳವರೆಗೂ ಅಂಗಡಿ ಮುಚ್ಚಿದ ಮೇಲೇ ಬ್ರೆಡ್ಡಿಗೆ ಬರ್ತಿದ್ರಿ. ಕದ ಬಡಿದೂ ಬಡಿದೂ ಚಿಲಕ ಕಿತ್ತುಹೋಯ್ತು.”

“ನಾನು ಸೂರ್ಯನ್ನ ನೋಡ್ಕೊಂಡು ಬರ್ತೀನಮ್ಮ. ಸೂರ್ಯನಿಗೆ ಹೇಳು ಬೇಗ ಮುಚ್ಚೋಕೆ. ಏನ್ ಮೇಷ್ಟ್ರೇ, ನೀವು ಲೆಕ್ಕದೋರು, ಹೇಳಿ: ಇಪ್ಪತ್ನಾಲ್ಕರಲ್ಲಿ ಒಂದು ಕಳೆದ್ರೆ ನನ್ನ ಪಿಂಚಣಿಗೆ ಆ ದಿನ ಕಡಿಮೆ ಹಿಡೀತಾರಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಗಡಿಯಾರದ ವಿಷಯದಲ್ಲಿ ನನಗೆ ಯಾವತ್ತೂ ಎರಡು ಮನಸ್ಸು. ಬೆಳಿಗ್ಗೆ ಮತ್ತೆ ಮಬ್ಬಿನಲ್ಲಿ ಶಾಲೆಗೆ ಹೋಗಬೇಕು, ಮಕ್ಕಳು ಮೊದಲ ಪಾಠದಲ್ಲಿ ಕೈ ಮೇಲೆ ತಲೆಯಿಟ್ಟು ಮಲಗುತ್ತಾರೆ, ನನ್ನದೇ ಹೊಟ್ಟೆ ಎರಡು ವಾರ ಹೊತ್ತಲ್ಲದ ಹೊತ್ತಿಗೆ ಹಸಿಯುತ್ತದೆ. ಯಾರೋ ಕೇಳದೆ ಮನೆಯೊಳಗೆ ಬಂದು ಸಾಮಾನು ಜರುಗಿಸಿ ಹೋದರೇನೋ ಎಂಬಂತೆ ಸಿಟ್ಟು ಬರುತ್ತದೆ. ಆದರೆ ಸಂಜೆ ಎಂಟರ ಮೇಲೂ ಹಿತ್ತಿಲಲ್ಲಿ ದೀಪವಿಲ್ಲದೆ ಓದುತ್ತಾ ಕೂತಾಗ ಆ ಸಿಟ್ಟು ನೆನಪಿರುವುದಿಲ್ಲ. ನೀನು ಹೋದ ಮೇಲೆ ಇನ್ನೊಂದೂ ಸೇರಿಕೊಂಡಿದೆ, ನಿನಗೆ ಹೇಳಿರಲಿಲ್ಲ. ನಮ್ಮ ಗಂಟೆ ಯಾವಾಗಲೂ ನಿನ್ನದಕ್ಕಿಂತ ಒಂದು ಮುಂದೆ. ಇಲ್ಲಿ ಹೊಸ ಗಂಟೆ ಬಂದ ದಿನ, ಬಿಟ್ಟುಹೋದ ನಮ್ಮ ಹಳೇ ಗಂಟೆ ಅಲ್ಲಿಯ ನಿನ್ನ ಗಂಟೆಯಾಗುತ್ತದೆ. ಹಾಗಾಗಿ ಮೂರು ವರ್ಷದಿಂದ ನಾನು ಅಡಿಗೆಮನೆಯ ಗಡಿಯಾರವನ್ನು ಬೇಸಿಗೆಯಲ್ಲಿ ಮುಟ್ಟುವುದಿಲ್ಲ. ಕೈಗಡಿಯಾರ ಮಾತ್ರ ತಿರುಗಿಸುತ್ತೇನೆ. ಗೋಡೆ ನೋಡಿದರೆ ನೀನು ಸಿನ್ಯೋರಾಳಿಗೆ ಸೂಪು ಬಡಿಸುವ ಹೊತ್ತು ಎಂದು ಗೊತ್ತಾಗುತ್ತದೆ.

ಆ ಸಂಜೆ ನಿನ್ನ ಅಮ್ಮನಿಗೂ ವಿಷಯ ಹೇಳಿದೆ. ಮಾರ್ಚ್ ಶುರುವಿನಿಂದ ಅವರು ಅಡಿಗೆಮನೆಯಲ್ಲಿ ಹಾಕಿದ ಹಾಸಿಗೆಯಿಂದ ಎದ್ದಿರಲಿಲ್ಲವಾದರೂ ಮಾತು ಮೊದಲಿನ ಹಾಗೇ ಇತ್ತು.

“ಒಂದು ಗಂಟೆ ಎತ್ಕೊಂಡು ಹೋಗ್ತಾರಲ್ಲ, ಎಲ್ಲಿಡ್ತಾರೆ ಅದನ್ನ?” ಎಂದರು.

“ಚಳಿಗಾಲಕ್ಕೆ ಮೊದಲು ವಾಪಸ್ ಕೊಡ್ತಾರೆ ಅತ್ತೆ.”

“ಅಷ್ಟೊತ್ತಿಗೆ ನಾನಿರಲ್ಲ. ನಂದು ಅವರ ಹತ್ರಾನೇ ಉಳೀತು ಹಾಗಾದ್ರೆ.”

ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಮೇಣದಬತ್ತಿಯ ಕಡೆ ನೋಡಿದರು. ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ಹಳದಿ ಜೇನುಮೇಣದ್ದು, ಹಿಂದಿನ ಈಸ್ಟರ್‌ನಲ್ಲಿ ಹಚ್ಚಿ, ಕೊನೆಯುಸಿರಿನ ಹೊತ್ತಿಗೆ ಉರಿಸಿ ಕೈಗೆ ಕೊಡಲೆಂದು ಉಳಿಸಿಕೊಂಡದ್ದು. ಅದರ ಪಕ್ಕ ಬೆಂಕಿಪೊಟ್ಟಣ. ನಿನ್ನ ಅಪ್ಪ ಜಿಲ್ಲಾ ಆಸ್ಪತ್ರೆಯ ವರಾಂಡದಲ್ಲಿ, ಕೈಯಲ್ಲಿ ಬೆಳಕಿಲ್ಲದೆ ಹೋದ ಮೇಲೆ ಮೂವತ್ತು ವರ್ಷ ಅಮ್ಮ ಪ್ರತಿ ಪವಿತ್ರ ಗುರುವಾರ ಅವರಿಗಾಗಿ ಬತ್ತಿ ಹಚ್ಚಿದ್ದನ್ನು ನೀನು ನೋಡಿದ್ದೀಯ. ನಾನು ಇದನ್ನೆಲ್ಲ ನಂಬುವವನಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ನನ್ನ ಹತ್ತಿರವೇ ಹೇಳುತ್ತಿದ್ದರು. “ಒಲಿಂಪಿಯಾ ಇಟಲಿಗೆ ಹೋಗೋವಾಗ ಎಷ್ಟು ಸುಂಕದಕಟ್ಟೆ ದಾಟಿದಳು?” “ಎರಡು ಕಡೆ ನಿಲ್ಲಿಸಿದ್ರಂತೆ ಅತ್ತೆ.” “ಸತ್ಮೇಲೆ ನನಗೆ ಇಪ್ಪತ್ನಾಲ್ಕು ಕಡೆ ನಿಲ್ಲಿಸ್ತಾರೆ, ಆಕಾಶದಲ್ಲಿ. ಅವಳ ಹತ್ರ ಕಾಗದ ಇಲ್ಲ, ನನ್ನ ಹತ್ರ ಬೆಳಕಾದ್ರೂ ಇರ್ಲಿ. ಕತ್ತಲಲ್ಲಿ ಕಳಿಸ್ಬೇಡಿ ಮೇಷ್ಟ್ರೇ.”

ಕಳಿಸುವುದಿಲ್ಲ ಎಂದೆ. ಅದಕ್ಕಾಗಿಯೇ ನಾವು ಪಾಳಿ ಹಾಕಿಕೊಂಡಿದ್ದು. ರಾತ್ರಿಯೆಲ್ಲ ಮತ್ತು ಹಗಲಿನ ಅರ್ಧ ರಾವೆಕಕ್ಕ, ಶಾಲೆ ಮುಗಿದ ಮೇಲೆ ನಾನು. ಭಾನುವಾರ ಮಾತ್ರ ಬೆಳಗಿನಿಂದ ಎರಡರವರೆಗೆ ನಾನು, ಎರಡರ ಮೇಲೆ ಅವಳು, ಏಕೆಂದರೆ ಎರಡಕ್ಕೆ ನಿನ್ನ ಫೋನು. ಇಪ್ಪತ್ತೈದು ದಿನ ಆ ಹಾಸಿಗೆಯ ಪಕ್ಕ ಒಂದು ಕ್ಷಣವೂ ಕುರ್ಚಿ ಖಾಲಿ ಇರಲಿಲ್ಲ. ರಾವೆಕಕ್ಕ ತನ್ನ ಹಸುಗಳ ಹಾಲು ಕರೆದು, ಕರುಗಳಿಗೆ ಬಿಟ್ಟು, ಮುಖ ತೊಳೆದು ಓಡಿ ಬರುತ್ತಿದ್ದಳು; ಏಪ್ರನ್ನಿನಲ್ಲಿ ಹುಲ್ಲಿನ ವಾಸನೆ ಇರುತ್ತಿತ್ತು.

ಇಪ್ಪತ್ತೆಂಟನೇ ತಾರೀಕು ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಚರ್ಚಿನ ಗಂಟೆ ಹೊಸ ಸಮಯಕ್ಕೆ ಹೊಡೆಯಿತು. ಅರ್ಧ ಊರು ಪ್ರಾರ್ಥನೆ ಮುಗಿಯುವಾಗ ಬಂತು. ಗವ್ರಿಲ್ ಮಾವ ಹೊಸ ಟೋಪಿ ಹಾಕಿಕೊಂಡು ಹೊರಡುವ ಹೊತ್ತಿಗೆ ಜನ ವಾಪಸಾಗುತ್ತಿದ್ದರು. “ಏನ್ರೋ, ದೇವರು ಆಗಲೇ ಊಟಕ್ಕೆ ಹೋದನಾ?” ಎಂದು ಬೀದಿಯಲ್ಲಿ ಕೂಗಿದ್ದು ಒಳಗೆ ಕೇಳಿಸಿತು. ಅಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕರು. ಎರಡು ಚಮಚ ಜೋಳದ ಗಂಜಿ ಕುಡಿದರು. ಉಸಿರು ಸ್ವಲ್ಪ ಬಿಟ್ಟು ಬಿಟ್ಟು ಬರುತ್ತಿತ್ತು, ಆದರೆ ಅದು ಹಿಂದಿನ ವಾರವೂ ಹಾಗೇ ಇತ್ತು. ನಾನು ಮಕ್ಕಳ ಪರೀಕ್ಷೆಯ ಪುಸ್ತಕ ತಿದ್ದುತ್ತಾ ಕೂತಿದ್ದೆ.

ಸಬೀನಾ ಬೀದಿಯಿಂದ ಕಿಟಕಿ ತಟ್ಟಿದಳು. “ಮೇಷ್ಟ್ರೇ, ಏನು ಕೂತೇ ಇದೀರಿ? ಇನ್ನು ಹತ್ತು ನಿಮಿಷಕ್ಕೆ ಇಟಲಿ! ಅಂಗಡಿ ತೆಗೀತಿದ್ದೀನಿ, ಬನ್ನಿ.”

“ಇಷ್ಟು ಬೇಗನೇ?”

“ಬೇಗ ಎಲ್ಲಿ? ಎರಡಾಯ್ತು! ಲೆಕ್ಕದ ಮೇಷ್ಟ್ರಿಗೆ ಒಂದು ಕೂಡೋಕೆ ಬರಲ್ಲ ಅಂತ ಊರಿಗೆಲ್ಲ ಹೇಳ್ತೀನಿ ನೋಡಿ.”

ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ ಇತ್ತು. ಕೈಗಡಿಯಾರದಲ್ಲಿ ಎರಡಕ್ಕೆ ಹತ್ತು. ರಾವೆಕಕ್ಕ ಎರಡಕ್ಕೆ ಬರಬೇಕಿತ್ತು. ಬಂದಿರಲಿಲ್ಲ. ನಾನು ಬಾಗಿಲಿನವರೆಗೆ ಹೋಗಿ ಬೀದಿ ನೋಡಿದೆ. ಗವ್ರಿಲ್ ಮಾವನನ್ನು ಕರೆದು ಕೂರಿಸಬಹುದಿತ್ತು. ಕರೆಯಲಿಲ್ಲ. ಅಂಗಡಿಗೆ ನಾಲ್ಕು ನಿಮಿಷದ ದಾರಿ, ಮಾತು ಐದು ನಿಮಿಷ, ಎಂದು ಲೆಕ್ಕ ಹಾಕಿದೆ. ಅಮ್ಮನ ಹತ್ತಿರ ಬಗ್ಗಿ, “ಅತ್ತೆ, ಒಂದು ಹತ್ತು ನಿಮಿಷ. ಒಲಿಂಪಿಯಾ ಫೋನು” ಎಂದೆ.

“ಹೋಗಿ,” ಎಂದರು. “ಊಟ ಮಾಡಿದಳಾ ಅಂತ ಕೇಳಿ.”

ಕೇಳಿದೆ, ನಿನಗೆ ನೆನಪಿರಬಹುದು. ಆ ದಿನ ನೀನು ಎಷ್ಟು ಸಂತೋಷವಾಗಿದ್ದೆ. ಪಾರ್ಕಿನಲ್ಲಿ ನಮ್ಮ ಕಡೆಯ ಹೆಂಗಸರೆಲ್ಲ ಸೇರಿ ಕೋಸಿನೆಲೆಯಲ್ಲಿ ಅನ್ನ ಸುತ್ತಿದ ಕಡುಬು ತಂದಿದ್ದರು, ಉಪವಾಸದ ಕಾಲವೆಂದು ಮಾಂಸ ಹಾಕಿರಲಿಲ್ಲ, ಒಬ್ಬಳು ಮಾತ್ರ ಕದ್ದು ಹಾಕಿದ್ದಳು, ಅದು ಯಾರೆಂದು ಒಬ್ಬರ ಬಾಯಿ ಒಬ್ಬರು ನೋಡಿಕೊಂಡಿರಿ. ನೀನು ಅದನ್ನು ಹೇಳುತ್ತಾ ನಕ್ಕದ್ದು ಮೂರು ವರ್ಷದಲ್ಲಿ ನಾನು ಕೇಳಿರದ ನಗು. ನಿಲ್ಲಿಸಲು ಮನಸ್ಸಾಗಲಿಲ್ಲ. ನಡುವೆ ನೀನು, “ಅಮ್ಮನ ಹತ್ರ ಯಾರಿದ್ದಾರೆ?” ಎಂದು ಕೇಳಿದೆ. “ರಾವೆಕಕ್ಕ,” ಎಂದೆ. “ಬತ್ತಿ ಹತ್ತಿರ ಇದೆ ತಾನೆ?” “ಕೈಗೆ ಸಿಗೋ ಹಾಗೇ ಇದೆ.” ನೀನು ಸಮಾಧಾನವಾಗಿ ಮತ್ತೆ ಕಡುಬಿನ ಕಥೆಗೆ ಹೋದೆ. ಫೋನು ಇಟ್ಟಾಗ ನಲವತ್ತು ನಿಮಿಷ ಆಗಿತ್ತು.

ಮನೆಯ ಬಾಗಿಲು ತೆರೆದಿತ್ತು, ಒಂದು ಕೋಳಿ ಒಳಗೆ ಬಂದಿತ್ತು. ಮೊದಲು ಕೋಳಿಯನ್ನು ಓಡಿಸಿದೆ. ಆಮೇಲೆ ಹಾಸಿಗೆಯ ಕಡೆ ನೋಡಿದೆ.

ಇದನ್ನು ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಅಮ್ಮ ಕಿಟಕಿಯ ಕಡೆಗೆ ಹೊರಳಿದ್ದರು. ತಾವಾಗಿ ಪಕ್ಕಕ್ಕೆ ತಿರುಗಲೂ ಆಗದೆ ಮೂರು ವಾರವಾಗಿದ್ದವರು. ಒಂದು ಕೈ ಕಟ್ಟೆಯ ಮೇಲಿತ್ತು. ಬೆಂಕಿಪೊಟ್ಟಣ ನೆಲದ ಮೇಲೆ ತೆರೆದು ಬಿದ್ದಿತ್ತು, ಕಡ್ಡಿಗಳು ಚಾಪೆಯ ತುಂಬ ಚೆಲ್ಲಿದ್ದವು. ಬತ್ತಿ ಇದ್ದಲ್ಲೇ ಇತ್ತು. ನಾನು ಮೊಣಕಾಲೂರಿ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಪೊಟ್ಟಣಕ್ಕೆ ತುಂಬಿದೆ. ಮದ್ದಿನ ತಲೆಗಳೆಲ್ಲ ಒಂದೇ ಕಡೆ ಬರುವ ಹಾಗೆ ಜೋಡಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅಷ್ಟಾದ ಮೇಲೇ ಅವರ ಕೈ ಮುಟ್ಟಿದ್ದು. ಇನ್ನೂ ಬೆಚ್ಚಗಿತ್ತು. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ತಿದ್ದುತ್ತಿದ್ದ ಪುಸ್ತಕದಲ್ಲಿ ಯಾರದೋ ತಪ್ಪು ಉತ್ತರದ ಕೆಳಗೆ ಅರ್ಧ ಎಳೆದ ಕೆಂಪು ಗೆರೆ ಕಾಣುತ್ತಿತ್ತು. ಅದನ್ನೇ ನೋಡುತ್ತಾ ನಿಂತಿದ್ದೆ.

ಗೋಡೆಯ ಗಡಿಯಾರ ಎರಡು ತೋರಿಸುವಾಗ ರಾವೆಕಕ್ಕ ಬಂದಳು. ನನ್ನ ಕೈಗಡಿಯಾರದಲ್ಲಿ ಮೂರು. ತೊಳೆದ ಏಪ್ರನ್ನು, ಬಟ್ಟೆ ಮುಚ್ಚಿದ ಸೂಪಿನ ಪಾತ್ರೆ. ಹೊಸ್ತಿಲಲ್ಲೇ, “ಬಂದೆ ಮೇಷ್ಟ್ರೇ, ಒಂದು ನಿಮಿಷಾನೂ ತಡ ಮಾಡಿಲ್ಲ ನೋಡಿ” ಎಂದಳು. ಅವಳು ಪಾತ್ರೆಯನ್ನು ಒಲೆಯ ಮೇಲಿಟ್ಟು ತಿರುಗಿ, ಹಾಸಿಗೆ ನೋಡಿ, ಕಟ್ಟೆಯ ಮೇಲಿನ ಬತ್ತಿ ನೋಡಿದಳು. ಬತ್ತಿಯ ತುದಿಯನ್ನು ಬೆರಳಿನಿಂದ ಮುಟ್ಟಿದಳು, ಬಿಸಿ ಇದೆಯೇ ಎಂದು. ಆಮೇಲೆ ಅವಳ ಬಾಯಿಂದ ಬಂದ ಸದ್ದನ್ನು ಬರೆಯಲಾರೆ. ಎದುರು ಮನೆಯಿಂದ ಗವ್ರಿಲ್ ಮಾವ ಬರಿಗಾಲಲ್ಲಿ ಓಡಿ ಬಂದರು.

ಶವಸಂಸ್ಕಾರ ಸರಿಯಾಗಿ ನಡೆಯಿತು, ಆ ಚಿಂತೆ ಬೇಡ. ಅಮ್ಮನ ಉದ್ದದಷ್ಟೇ ಅಳೆದು ಸುರುಳಿ ಸುತ್ತಿದ ಮೇಣದ ಬತ್ತಿಯನ್ನು ಎದೆಯ ಮೇಲಿಟ್ಟು ಮೂರು ದಿನ ಉರಿಸಿದರು. ಅದನ್ನು ರಾವೆಕಕ್ಕನೇ ಸುತ್ತಿದಳು. ಹೊಸ ಬೂಟು ಹಾಕಿದೆವು, ನೀನು ಕಳಿಸಿದ್ದು. ಶವ ಇಟ್ಟ ಎರಡನೇ ದಿನ ಅಂಗಳದಲ್ಲಿ ಜನರಿಗೆ ಊಟ ಹಾಕಿದಾಗ ಮಾತು ಬಂತು. ನಾನು ಗ್ಲಾಸುಗಳಿಗೆ ಪ್ಲಮ್ ಬ್ರಾಂದಿ ಹಾಕುತ್ತಿದ್ದೆ, ರಾವೆಕಕ್ಕ ದೊಡ್ಡ ಪಾತ್ರೆಯಿಂದ ಬೇಯಿಸಿದ ಬೀನ್ಸ್ ಬಡಿಸುತ್ತಿದ್ದಳು. ಸಬೀನಾ ತಡೆದುಕೊಳ್ಳಲಿಲ್ಲ.

“ಎರಡಕ್ಕೆ ಬರಬೇಕಾದೋಳು ಮೂರಕ್ಕೆ ಬಂದ್ಯಲ್ಲೇ ರಾವೆಕಾ! ಪಾಪ ಮೇಷ್ಟ್ರು ಫೋನಲ್ಲಿ ನಿನ್ನ ತಂಗಿಗೆ ಹೇಳ್ತಿದ್ರು, ರಾವೆಕಾ ಪಕ್ಕದಲ್ಲೇ ಇದ್ದಾಳೆ ಅಂತ. ನನ್ನ ಕಿವಿಯಾರೆ ಕೇಳಿದೀನಿ. ಅಷ್ಟು ನಂಬಿದ್ರು ನಿನ್ನ.”

“ಸಾವಿನ ಮನೇಲಿ ಯಾಕಮ್ಮ ಈಗ,” ಎಂದರು ಗವ್ರಿಲ್ ಮಾವ. “ಊರಿಗೆ ಊರೇ ಆ ದಿನ ತಡ. ನಾನೂ ಪ್ರಾರ್ಥನೆ ತಪ್ಪಿಸಿಕೊಂಡೆ.”

“ಪ್ರಾರ್ಥನೆ ಮುಂದಿನ ವಾರ ಇರುತ್ತೆ ಮಾವ. ತಾಯಿ ಇರ್ತಾಳಾ? ದನದ ಗಂಟೆ ನೋಡ್ಕೊಂಡು ಹೆತ್ತೋಳನ್ನ ಕಾಯೋಕಾಗುತ್ತಾ?”

ರಾವೆಕಕ್ಕ ಸೌಟು ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಪಾತ್ರೆಯೊಳಗೆ ನೋಡುತ್ತಾ, “ಹೂಂ, ನಂದೇ ತಪ್ಪು. ನನಗೇ ಗಂಟೆ ಗೊತ್ತಾಗಲಿಲ್ಲ” ಎಂದು ಮುಂದಿನ ತಟ್ಟೆಗೆ ಬಡಿಸಿದಳು. ನಾನು ಹಾಕುತ್ತಿದ್ದ ಗ್ಲಾಸು ತುಂಬಿ ಮೇಜಿನ ಮೇಲೆ ಹರಿಯಿತು.

ಅಂದಿನಿಂದ ಅವಳು ಹೊಸ ಗಂಟೆಗೆ ಬದಲಾಗಿದ್ದಾಳೆ. ಮನೆಯ ಗಡಿಯಾರ ತಿರುಗಿಸಿದ್ದಾಳೆ, ಹಾಲನ್ನೂ ಹೊಸ ಗಂಟೆಗೇ ಕರೆಯುತ್ತಾಳೆ. ಮಬ್ಬಿನಲ್ಲಿ ಎಬ್ಬಿಸಿದರೆ ಹಸುಗಳು ಒದೆಯುತ್ತವೆ, ಅರಚುವುದು ನಮ್ಮ ಮನೆಯವರೆಗೂ ಕೇಳಿಸುತ್ತದೆ. ಒಂದಂತೂ ಅರ್ಧ ಹಾಲು ಎತ್ತಿಕೊಂಡುಬಿಟ್ಟಿದೆ. ರಾವೆಕಕ್ಕನ ಕಾಲಿನ ಮೇಲೆ ಇಷ್ಟಗಲ ನೀಲಿ ಗಾಯ. “ಈಗ ಬುದ್ಧಿ ಬಂತು ಅವಳಿಗೆ” ಎನ್ನುತ್ತಾರೆ ಅಂಗಡಿಯಲ್ಲಿ. ಪಾದ್ರಿಯ ಹತ್ತಿರ ಹೋಗಿ ಪಾಪನಿವೇದನೆ ಮಾಡಿಕೊಂಡಳಂತೆ. ಬೆಳಕಿಲ್ಲದೆ ಹೋದವರ ಹೆಸರಿನಲ್ಲಿ ಈಸ್ಟರ್ ರಾತ್ರಿ ಹಚ್ಚಿದ ಬತ್ತಿಗಳನ್ನು ಪರಿಚಯವಿಲ್ಲದವರಿಗೆ ಕೊಡಬೇಕೆಂದು ಅವರು ಹೇಳಿದರಂತೆ. ನಮ್ಮೂರಲ್ಲಿ ಪರಿಚಯವಿಲ್ಲದವರು ಎಲ್ಲಿಂದ ಬರಬೇಕು? ರಸ್ತೆಯವರೆಗೆ ನಡೆದುಹೋಗಿ, ಕಾರು ನಿಲ್ಲಿಸಿ ನಿಲ್ಲಿಸಿ ಕೊಟ್ಟಳು. ಒಬ್ಬ ಲಾರಿಯವನು ಬತ್ತಿಯನ್ನು ಹಾಗೇ ಉರಿಸಿಕೊಂಡು ಹೋದ.

ನಿನ್ನ ಕಾಗದದ ಮಾತನ್ನು ನಾನೇ ಹೇಳಬೇಕಾಯಿತು, ಗೋಧಿಯ ವಿಷಯ. ಅವಳು ಆಗಲೇ ಆರಿಸಲು ಶುರು ಮಾಡಿದ್ದಳು. ಕೈ ನಿಲ್ಲಿಸಿ ಕೇಳಿಸಿಕೊಂಡಳು.

“ಆಗಲಿ. ಸಬೀನಾಗೆ ಕೊಟ್ಟುಬಿಡ್ತೀನಿ. ಒಂದೊಂದೇ ಕಾಳು ನೋಡಿದ್ದೀನಿ, ಕಲ್ಲಿಲ್ಲ ಅಂತ ಹೇಳಿ ಅವಳಿಗೆ. ಅಮ್ಮಂಗೆ ಆಕ್ರೋಟು ಜಾಸ್ತಿ ಇರಬೇಕು.” ಕಾಳಿನ ತಟ್ಟೆ ಪಕ್ಕಕ್ಕಿಟ್ಟು, “ಇನ್ನೇನಾದ್ರೂ ಬರೆದಿದ್ದಾಳಾ?” ಎಂದಳು.

ಇಲ್ಲ ಎಂದೆ. ‘ನನಗೆ ಅಕ್ಕ ಇಲ್ಲ’ ಎಂಬ ಸಾಲನ್ನು ನಾನು ಹೇಳಲಿಲ್ಲ.

ಒಲಿಂಪಿಯಾ, ನಲವತ್ತನೇ ದಿನ ಮೇ ಆರಕ್ಕೆ. ಅಷ್ಟರೊಳಗೆ ಆ ಸಾಲನ್ನು ವಾಪಸ್ ತೆಗೆದುಕೋ. ಅವಳಿಗೆ ಇಬ್ಬರೇ ಇದ್ದದ್ದು, ಒಬ್ಬರು ಹೋದರು. ನೀನು ನಿನ್ನ ಸಿನ್ಯೋರಾಳ ಪಕ್ಕ ಮೂರು ವರ್ಷದಿಂದ ಕೂತಿದ್ದೀಯ. ಕೂತವರು ಎದ್ದು ಹೋಗುವ ಒಂದು ಗಳಿಗೆ ಯಾವ ಮನೆಯಲ್ಲೂ ಬರುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ. ಸಿನ್ಯೋರಾಳನ್ನು ಒಬ್ಬಳೇ ಎತ್ತಬೇಡ. ಊಟ ಬಿಡಬೇಡ. ದೇವರು ನಿನ್ನನ್ನು ಆರೋಗ್ಯವಾಗಿ ಇಟ್ಟಿರಲಿ, ಕಾಗದಪತ್ರಗಳು ಬೇಗ ಆಗಲಿ, ದಾರಿಯಲ್ಲಿ ಯಾರೂ ನಿಲ್ಲಿಸದಿರಲಿ. ನಿನ್ನ ಅಮ್ಮನ ಆಶೀರ್ವಾದ ಎಲ್ಲಿದ್ದರೂ ನಿನ್ನ ಮೇಲಿರುತ್ತದೆ.

ನಿನ್ನವನೇ,
ಟಿಬೇರಿಯು

ಮರೆತದ್ದು: ಸಹಿ ಹಾಕಿ, ಲಕೋಟೆಗೆ ಹಾಕಿ, ಅಂಟಿಸದೆ ಕೂತಿದ್ದೇನೆ. ಮರೆತದ್ದು ಎಂದು ಬರೆದೆ, ಮರೆತಿಲ್ಲ.

ಶನಿವಾರ ಸಂಜೆ ನಾನು ಅಂಗಡಿಯಿಂದ ಬರುವಾಗ ರಾವೆಕಕ್ಕ ಗೇಟಿನ ಹತ್ತಿರ ಸಿಕ್ಕಿದಳು. “ನಾಳೆ ಗಂಟೆ ತಿರುಗಿಸ್ತಾರಂತೆ. ಎರಡಕ್ಕೆ ಬರಬೇಕಲ್ಲ, ಯಾವ ಎರಡು ಮೇಷ್ಟ್ರೇ? ಹಳೇದಾ, ಹೊಸದಾ?” ಎಂದು ಕೇಳಿದಳು. ನಾನು, “ಹಳೇದೇ ಇರ್ಲಿ ಅಕ್ಕ, ನಿಮ್ಮ ದನಗಳಿಗೂ ಅನುಕೂಲ” ಎಂದೆ. ಅವಳಿಗೆ ಸಂತೋಷವಾಗಲಿ ಎಂದು ಹೇಳಿದ್ದು, ಅಷ್ಟೇ. ನಿನ್ನ ಫೋನು ಹೊಸ ಗಂಟೆಗೆ ಬರುತ್ತದೆಂಬುದು ನನ್ನ ತಲೆಯಲ್ಲೇ ಇತ್ತು, ಇದರ ಪಕ್ಕದಲ್ಲೇ, ಆದರೆ ಎರಡನ್ನೂ ಸೇರಿಸಿ ನೋಡಲಿಲ್ಲ. ಅವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, “ಸರಿಯಾಗಿ ಹೇಳಿ, ಆಮೇಲೆ ಗೊಂದಲ ಬೇಡ” ಎಂದಳು. “ಹಳೇದು” ಎಂದೆ.

ಸಬೀನಾ ಕಿಟಕಿ ತಟ್ಟಿದ ಕ್ಷಣದಲ್ಲೇ ನನಗೆ ಇದು ನೆನಪಾಯಿತು. ಬಾಗಿಲಲ್ಲಿ ನಿಂತು ಬೀದಿ ನೋಡಿದ್ದು ಸುಳ್ಳು ನೋಟ. ಬರುವವರು ಯಾರೂ ಇಲ್ಲವೆಂದು ಗೊತ್ತಿತ್ತು. ನೀನು ‘ಯಾರಿದ್ದಾರೆ’ ಎಂದು ಕೇಳಿದಾಗ ಅವಳು ಬರಲು ಇನ್ನೂ ಮುಕ್ಕಾಲು ಗಂಟೆಯ ಮೇಲಿದೆ ಎಂದು ಗೊತ್ತಿದ್ದೇ ಅವಳ ಹೆಸರು ಹೇಳಿದೆ. ನಿನ್ನ ನಗು ನಿಲ್ಲುವುದು ಬೇಡವಾಗಿತ್ತು.

ಅವಳು ಇದನ್ನು ಯಾರಿಗೂ ಹೇಳಿಲ್ಲ. ಪಾದ್ರಿಗೂ ಹೇಳಿರಲಿಕ್ಕಿಲ್ಲ, ಹೇಳಿದ್ದರೆ ಅವರು ನನ್ನನ್ನು ನೋಡುವ ರೀತಿ ಬೇರೆಯಾಗಿರುತ್ತಿತ್ತು. ನಾವಿಬ್ಬರೇ ಇರುವಾಗ ನನಗೂ ಹೇಳಿಲ್ಲ. ಹೇಳಲಿ ಎಂದು ಮೂರು ವಾರ ಕಾದೆ. ತಂಗಿಗೆ ಅಕ್ಕ ಇಲ್ಲದಿದ್ದರೂ ನಡೆದೀತು, ಅಷ್ಟು ದೂರದಲ್ಲಿ ಗಂಡನೂ ಇಲ್ಲದಂತಾದರೆ ಹೇಗೆ ಎಂದು ಅವಳು ತನ್ನೊಳಗೇ ತೀರ್ಮಾನ ಮಾಡಿಕೊಂಡಂತಿದೆ. ಇವತ್ತು ಪ್ರಾರ್ಥನೆ ಮುಗಿದು ಜನ ಹೊರಗೆ ಬರುವಾಗ ಊರಿಗೆ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕಿತ್ತು.

ಅವಳು ದಿನಾ ಬೆಳಿಗ್ಗೆ ನನ್ನ ಪಾಲಿನ ಹಾಲು ತಂದು ಹೊಸ್ತಿಲ ಮೇಲಿಡುತ್ತಾಳೆ. ಒಳಗೆ ಬರುವುದಿಲ್ಲ. “ಒಲಿಂಪಿಯಾ ಚೆನ್ನಾಗಿದ್ದಾಳಾ?” ಎಂದಷ್ಟೇ ಕೇಳುತ್ತಾಳೆ. ಚೆನ್ನಾಗಿದ್ದಾಳೆ ಎನ್ನುತ್ತೇನೆ. ತಲೆಯಾಡಿಸಿ ಹೋಗುತ್ತಾಳೆ.